ಕೊನೆ ಮುಟ್ಟಿದ ಕಥೆ, ನಡುವೆ ನಿಂತ ಕಥೆ: 2024ರ ಅಕ್ಟೋಬರ್ ಸೀಸನ್‌ನ ಅನಿಮೆಗಳು

2024ರ ಅಕ್ಟೋಬರ್‌ನಲ್ಲಿ ಶುರುವಾದ ಅನಿಮೆಗಳಲ್ಲಿ, ಅಂದರೆ ಜಪಾನಿನ ಅನಿಮೇಷನ್ ಸರಣಿಗಳಲ್ಲಿ, ಯಾವುದು ಚೆನ್ನಾಗಿತ್ತು ಅಂತ ಯಾರನ್ನೇ ಕೇಳಿ, ಮೊದಲು ಬರುವ ಹೆಸರು ‘ದಂದದನ್’. ಆ ಉತ್ತರದಲ್ಲಿ ತಪ್ಪೇನಿಲ್ಲ. ಅದರ ಓಪನಿಂಗ್ ಹಾಡು ಕಿವಿಗೆ ಬೀಳದೆ ಆ ಮೂರು ತಿಂಗಳು ಯಾವ ಅನಿಮೆ ಪ್ರಿಯರೂ ಕಳೆದಿರಲಿಕ್ಕಿಲ್ಲ. ಆದರೆ ಸದ್ದೆಲ್ಲ ಅಡಗಿದ ಮೇಲೆ ಕೂತು ಲೆಕ್ಕ ಹಾಕಿದರೆ, ನನ್ನ ಮಟ್ಟಿಗೆ ಆ ಸೀಸನ್‌ನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ನಿಲ್ಲುವುದು ಬೇರೊಂದು ಸರಣಿ: ‘ಆರ್ಬ್: ಆನ್ ದ ಮೂವ್‌ಮೆಂಟ್ಸ್ ಆಫ್ ದಿ ಅರ್ತ್’. ಹದಿನೈದನೇ ಶತಮಾನದ ಯುರೋಪಿನಲ್ಲಿ, ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಅಂತ ಹೇಳಲು ಹೊರಟವರ ಕಥೆ ಅದು. ಮಾತು ಜಾಸ್ತಿ, ಹೊಡೆದಾಟ ಕಮ್ಮಿ, ಚಿತ್ರಗಳಲ್ಲಿ ಹೇಳಿಕೊಳ್ಳುವಂಥ ಥಳುಕೂ ಇಲ್ಲ.

ಹಾಗಾದರೆ ಅದು ಹೇಗೆ ಗೆದ್ದಿತು? ನನ್ನ ಉತ್ತರ ಸರಳ. ಅದು ತನ್ನ ಕಥೆಯನ್ನು ಪೂರ್ತಿ ಹೇಳಿ ಮುಗಿಸಿತು. ಇದೇನು ದೊಡ್ಡ ವಿಷಯ ಅಂತ ಅನಿಸಬಹುದು. ಇವತ್ತಿನ ಅನಿಮೆ ನಡೆಯುವ ರೀತಿ ನೋಡಿದರೆ ಇದಕ್ಕಿಂತ ಅಪರೂಪದ ವಿಷಯ ಇನ್ನೊಂದಿಲ್ಲ.

ಜಪಾನಿನ ಟಿವಿಯಲ್ಲಿ ವರ್ಷಕ್ಕೆ ನಾಲ್ಕು ಸೀಸನ್. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಒಂದೊಂದು ಶುರು. ಒಂದು ಸೀಸನ್ ಅಂದರೆ ಮೂರು ತಿಂಗಳು, ವಾರಕ್ಕೊಂದರಂತೆ 12 ಅಥವಾ 13 ಎಪಿಸೋಡ್. ಒಂದೊಂದು ಸೀಸನ್‌ನಲ್ಲಿ ಹೊಸದು, ಮುಂದುವರಿದದ್ದು ಎಲ್ಲ ಸೇರಿ 50ಕ್ಕೂ ಜಾಸ್ತಿ ಸರಣಿಗಳು ಬರುತ್ತವೆ. ಅದರಲ್ಲಿ ಹೆಚ್ಚಿನವು ಪ್ರಸಾರ ಆಗುವುದು ನಡುರಾತ್ರಿಯ ನಂತರ. ‘ದಂದದನ್’ ಬಂದದ್ದು ಗುರುವಾರ 24:26ಕ್ಕೆ. ಅಂದರೆ ಶುಕ್ರವಾರ ಬೆಳಗಿನ ಜಾವ 12 ಗಂಟೆ 26 ನಿಮಿಷ. ಆ ಹೊತ್ತಿಗೆ ಟಿವಿ ಮುಂದೆ ಎಷ್ಟು ಜನ ಕೂತಿದ್ದಾರೆ ಅನ್ನುವುದರ ಮೇಲೆ ಈ ವ್ಯಾಪಾರ ನಿಂತಿಲ್ಲ. ಅದು ನಿಂತಿರುವುದು ಬೇರೆ ಕಡೆ.

ಒಂದು ಅನಿಮೆ ಮಾಡಲು ಸಾಮಾನ್ಯವಾಗಿ ಯಾರೂ ಒಬ್ಬರೇ ದುಡ್ಡು ಹಾಕುವುದಿಲ್ಲ. ಮಾಂಗಾ, ಅಂದರೆ ಅನಿಮೆಗೆ ಮೂಲವಾದ ಜಪಾನಿ ಕಾಮಿಕ್ಸ್, ಅಚ್ಚು ಹಾಕಿದ ಪ್ರಕಾಶಕರು, ಟಿವಿ ಚಾನೆಲ್, ಹಾಡಿನ ಕಂಪನಿ, ಗೊಂಬೆ ಮಾಡುವವರು, ಹೀಗೆ ಹಲವರು ಸೇರಿ ಒಂದು ನಿರ್ಮಾಣ ಸಮಿತಿ ಕಟ್ಟುತ್ತಾರೆ. ನಮ್ಮಲ್ಲಿ ನಾಲ್ಕಾರು ರೈತರು ಪಾಲು ಹಾಕಿ ಬೋರ್‌ವೆಲ್ ಕೊರೆಸುತ್ತಾರಲ್ಲ, ಹಾಗೆ. ನೀರು ಬಿದ್ದರೆ ಎಲ್ಲರಿಗೂ ಪಾಲು, ಬೀಳದಿದ್ದರೆ ನಷ್ಟವೂ ಹಂಚಿಕೆ. ಬೋರ್ ಕೊರೆದ ಲಾರಿಯವನಿಗೆ ಮಾತ್ರ ಅಡಿಗೆ ಇಷ್ಟು ಅಂತ ಕೂಲಿ, ನೀರು ಎಷ್ಟೇ ಬರಲಿ. ಸ್ಟುಡಿಯೋಗಳ ಸ್ಥಿತಿ ಹೆಚ್ಚುಕಮ್ಮಿ ಆ ಲಾರಿಯವನದ್ದೇ. ಸಮಿತಿಯಲ್ಲಿ ತಾನೂ ದುಡ್ಡು ಹಾಕಿದ್ದರೆ ಮಾತ್ರ ಸ್ಟುಡಿಯೋಗೆ ಲಾಭದಲ್ಲಿ ಪಾಲು.

ಈ ಏರ್ಪಾಡಿನಲ್ಲಿ ಪಾಲು ಹಾಕಿದ ಹೆಚ್ಚಿನವರಿಗೆ ಕಥೆ ಮುಗಿಯಬೇಕಾದ ಅಗತ್ಯವೇ ಇಲ್ಲ. ಪ್ರಕಾಶಕರಿಗೆ ಮಾಂಗಾ ಪುಸ್ತಕಗಳು ಮಾರಾಟ ಆಗಬೇಕು. 12 ಎಪಿಸೋಡ್ ನೋಡಿದವನು ‘ಮುಂದೇನು’ ಅಂತ ಪುಸ್ತಕದ ಅಂಗಡಿಗೆ ಓಡಿದರೆ ಅವರ ಕೆಲಸ ಆಯಿತು. ಹಾಡಿನ ಕಂಪನಿಗೆ ಹಾಡು ಓಡಿದರೆ ಸಾಕು. ಹಾಗಾಗಿ ಹೆಚ್ಚಿನ ಅನಿಮೆಗಳು ಎಲ್ಲೋ ನಡುವೆ ನಿಲ್ಲುತ್ತವೆ. ಎರಡನೇ ಸೀಸನ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜಪಾನಿನ ಅನಿಮೇಷನ್ ಸಂಘದ ವರದಿಯ ಪ್ರಕಾರ 2023ರಲ್ಲಿ ಈ ಮಾರುಕಟ್ಟೆಯ ಒಟ್ಟು ಗಾತ್ರ ಸುಮಾರು 3.3 ಲಕ್ಷ ಕೋಟಿ ಯೆನ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶಗಳಿಂದಲೇ ಬಂದದ್ದು. ಇಷ್ಟು ದುಡ್ಡು ಓಡಾಡುವ ಜಾಗದಲ್ಲಿ ಕಥೆಯ ಕೊನೆ ಅನ್ನುವುದು ಯಾರ ಖಾತೆಗೂ ಸೇರದ ಬಾಬತ್ತು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಸೀಸನ್‌ನ ಸರಣಿಗಳನ್ನು ನೋಡೋಣ.

ಮೊದಲು ‘ದಂದದನ್’. ಯುಕಿನೊಬು ತತ್ಸು ಅವರ ಮಾಂಗಾ ಶೋನೆನ್ ಜಂಪ್ ಪ್ಲಸ್ ಅನ್ನುವ ಆನ್‌ಲೈನ್ ಪತ್ರಿಕೆಯಲ್ಲಿ 2021ರ ಏಪ್ರಿಲ್‌ನಿಂದ ಬರುತ್ತಿದೆ. ಅನಿಮೆ ಮಾಡಿದ್ದು ಸೈನ್ಸ್ ಸಾರು ಸ್ಟುಡಿಯೋ, ನಿರ್ದೇಶನ ಫುಗಾ ಯಮಾಶಿರೊ. ಟಿವಿ ಸರಣಿಯೊಂದರ ಪೂರ್ತಿ ಹೊಣೆ ಅವರಿಗೆ ಸಿಕ್ಕಿದ್ದು ಇದೇ ಮೊದಲು. ಕಥೆ ಶುರುವಾಗುವುದು ಒಂದು ಸವಾಲಿನಿಂದ. ಮೊಮೊ ಅನ್ನುವ ಹುಡುಗಿಗೆ ದೆವ್ವದ ಮೇಲೆ ನಂಬಿಕೆ, ಅನ್ಯಗ್ರಹದವರ ಮೇಲೆ ಇಲ್ಲ. ಅವಳ ಶಾಲೆಯ ಹುಡುಗನದು ಸರಿಯಾಗಿ ಉಲ್ಟಾ. ಅವನು ದೆವ್ವ ಇದೆ ಅನ್ನುವ ಸುರಂಗಕ್ಕೆ ಹೋಗಬೇಕು, ಅವಳು ಹಾರುವ ತಟ್ಟೆ ಇಳಿಯುತ್ತದೆ ಅನ್ನುವ ಪಾಳು ಆಸ್ಪತ್ರೆಗೆ ಹೋಗಬೇಕು. ಇಬ್ಬರ ನಂಬಿಕೆಯೂ ನಿಜ ಅಂತ ಆ ಒಂದೇ ರಾತ್ರಿ ಗೊತ್ತಾಗುತ್ತದೆ. ಆಮೇಲೆ ಓಟ, ಬರೀ ಓಟ.

ಹುಡುಗನ ಹೆಸರು ಕೆನ್ ತಕಾಕುರಾ. ಅದು 2014ರಲ್ಲಿ ತೀರಿಕೊಂಡ ಜಪಾನಿನ ದೊಡ್ಡ ಸಿನಿಮಾ ನಟನ ಹೆಸರು. ಮೊಮೊಗೆ ಆ ನಟ ಅಂದರೆ ಪ್ರಾಣ. ಹಾಗಾಗಿ ಈ ಪುಕ್ಕಲ ಹುಡುಗನನ್ನು ಆ ಹೆಸರಿನಿಂದ ಕರೆಯಲು ಅವಳಿಗೆ ನಾಚಿಕೆ. ‘ಒಕಾರುನ್’ ಅಂತ ಅಡ್ಡಹೆಸರು ಇಡುತ್ತಾಳೆ. ನಮ್ಮಲ್ಲಿ ಯಾವುದೋ ಸಪ್ಪೆ ಹುಡುಗನ ಹೆಸರು ರಾಜ್‌ಕುಮಾರ್ ಅಂತ ಇದ್ದರೆ ಕಾಲೇಜಿನಲ್ಲಿ ಏನಾಗುತ್ತದೆ, ಅದೇ ಇಲ್ಲೂ.

ಈ ಸರಣಿಯ ಶಕ್ತಿ ಬಣ್ಣದಲ್ಲಿದೆ. ಮಾಂಗಾ ಕಪ್ಪುಬಿಳುಪು. ಪುಟಪುಟವೂ ಗೆರೆಗಳಿಂದ ಕಿಕ್ಕಿರಿದಿದೆ. ಅದನ್ನು ಹಾಗೇ ಪರದೆಗೆ ಎತ್ತಿದ್ದರೆ ಕಣ್ಣಿಗೆ ಗೋಜಲಾಗುತ್ತಿತ್ತು. ಯಮಾಶಿರೊ ತಂಡ ಗೆರೆ ಕಮ್ಮಿ ಮಾಡಿ ಬಣ್ಣದಿಂದ ಕಥೆ ಹೇಳಿತು. ದೆವ್ವವೋ ಅನ್ಯಗ್ರಹದ ಜೀವಿಯೋ ಕಾಣಿಸಿಕೊಂಡ ಕೂಡಲೇ ಪರದೆಯೇ ಒಂದು ಬಣ್ಣಕ್ಕೆ ತಿರುಗುತ್ತದೆ. ನೀವು ಈಗ ಯಾರ ಹಿಡಿತದ ಜಾಗದಲ್ಲಿದ್ದೀರಿ ಅಂತ ಮಾತಿಲ್ಲದೆ ಗೊತ್ತಾಗುತ್ತದೆ. ಇದು ನಿರ್ದೇಶಕನ ತೀರ್ಮಾನ, ಮೂಲ ಪುಸ್ತಕದಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಮಾಂಗಾವನ್ನು ಸುಮ್ನೆ ಚಲಿಸುವಂತೆ ಮಾಡುವುದಕ್ಕೂ ಅನಿಮೆ ಮಾಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಏಳನೇ ಎಪಿಸೋಡ್ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಅಲ್ಲಿಯವರೆಗೆ ಅಟ್ಟಿಸಿಕೊಂಡು ಬಂದು ಹೆದರಿಸುತ್ತಿದ್ದ, ಕೆಂಪು ಬಟ್ಟೆಯ ಉದ್ದ ಕೂದಲಿನ ದೆವ್ವದ ಹಿಂದಿನ ಬದುಕು ತೆರೆದುಕೊಳ್ಳುತ್ತದೆ. ಸಾಲದಲ್ಲಿ ಮುಳುಗಿದ ಒಬ್ಬಂಟಿ ತಾಯಿ. ಕುಣಿತ ಇಷ್ಟಪಡುವ ಪುಟ್ಟ ಮಗಳು. ಸಾಲ ವಸೂಲಿಗೆ ಬಂದವರು ಮಗುವನ್ನು ಹೊತ್ತೊಯ್ಯುತ್ತಾರೆ. ತಾಯಿ ಹಿಂದೆ ಓಡುತ್ತಾಳೆ. ಕೊನೆಗೆ ಒಂದು ಕಟ್ಟಡದ ಮೇಲೆ ಒಬ್ಬಳೇ ಕುಣಿಯುತ್ತಾಳೆ. ಇಷ್ಟನ್ನೂ ಹೆಚ್ಚು ಮಾತಿಲ್ಲದೆ, ಅವಳ ಕಣ್ಣಿನ ಎತ್ತರದಿಂದ ತೋರಿಸುತ್ತಾರೆ. ಹಿಂದಿನ ಎಪಿಸೋಡ್‌ಗಳಲ್ಲಿ ನಾವು ನಕ್ಕ ಅವಳ ವಿಚಿತ್ರ ಚಲನೆಗಳೆಲ್ಲ ಎಲ್ಲಿಂದ ಬಂದವು ಅಂತ ಆಗ ಅರ್ಥವಾಗುತ್ತದೆ. ಆ ಸೀಸನ್‌ನ ಅತ್ಯುತ್ತಮ ಇಪ್ಪತ್ತು ನಿಮಿಷ ಯಾವುದು ಅಂದರೆ ನಾನೂ ಇದನ್ನೇ ಹೇಳುತ್ತೇನೆ.

ತಕರಾರೂ ಇದೆ. ಮೊದಲ ಎಪಿಸೋಡ್‌ನಲ್ಲೇ ಅನ್ಯಗ್ರಹದವರು ಮೊಮೊಳ ಬಟ್ಟೆ ಕಳಚಿ ಕಟ್ಟಿಹಾಕುವ ದೃಶ್ಯವಿದೆ. ಅದನ್ನು ತಮಾಷೆ ಮತ್ತು ಭಯದ ನಡುವೆ ಎಲ್ಲೋ ತೇಲಿಬಿಟ್ಟಿದ್ದಾರೆ. ಅಲ್ಲಿಗೇ ನೋಡುವುದು ಬಿಟ್ಟವರು ಇದ್ದಾರೆ, ಅವರನ್ನು ದೂರಲು ಆಗುವುದಿಲ್ಲ. ಇಷ್ಟು ಜಾಣತನದಿಂದ ಮಾಡಿದ ಸರಣಿಗೆ ಆ ದೃಶ್ಯ ಅಷ್ಟು ಹೊತ್ತು ಬೇಕಿರಲಿಲ್ಲ. ಎರಡನೆಯದು ಕೊನೆ. 12ನೇ ಎಪಿಸೋಡ್ ಒಂದು ಹೊಸ ಕಥೆಯನ್ನು ಶುರು ಮಾಡಿ, ಮೊಮೊ ಬಿಸಿನೀರಿನ ಸ್ನಾನದ ಕೊಳದಲ್ಲಿ ಒಬ್ಬಳೇ ಇರುವಾಗ ಗಂಡಸರು ನುಗ್ಗುವಲ್ಲಿಗೆ ಕಡಿದು ಹೋಗುತ್ತದೆ. ಶುರುವಿನ ತಪ್ಪಿಗೂ ಕೊನೆಯ ತಪ್ಪಿಗೂ ನಂಟು ಇದೆ ನೋಡಿ. ಎರಡೂ ಕಡೆ ಹುಡುಗಿಯನ್ನು ಅಪಾಯಕ್ಕೆ ಒಡ್ಡಿ ನೋಡುಗರನ್ನು ಹಿಡಿದಿಡುವ ಲೆಕ್ಕ. ಮುಂದಿನ ಎಪಿಸೋಡ್ ನೋಡಲು ಜನ 2025ರ ಜುಲೈವರೆಗೆ ಕಾಯಬೇಕಾಯಿತು. ಆರೇಳು ತಿಂಗಳು. ಮಾಂಗಾ ಮಾರುವವರಿಗೆ ಒಳ್ಳೆಯದೇ ಆಗಿರಬೇಕು. ಕಥೆಗೆ ಏನೂ ಒಳ್ಳೆಯದಾಗಲಿಲ್ಲ.

‘ರಾನ್ಮಾ ½’ ಬೇರೆ ಥರದ ವಿಷಯ. ರುಮಿಕೊ ತಕಾಹಾಶಿ ಅವರ ಈ ಮಾಂಗಾ 1987ರಿಂದ 1996ರವರೆಗೆ ಬಂತು, 38 ಪುಸ್ತಕ. ತಣ್ಣೀರು ಬಿದ್ದರೆ ಹುಡುಗಿಯಾಗುವ, ಬಿಸಿನೀರು ಬಿದ್ದರೆ ಮತ್ತೆ ಹುಡುಗನಾಗುವ ಸಮರಕಲೆ ಪಟುವಿನ ನಗೆಯ ಕಥೆ. 1989ರಲ್ಲೇ ಒಮ್ಮೆ ಟಿವಿಗೆ ಬಂದಿತ್ತು. ಈಗ ಮಾಪ್ಪಾ ಸ್ಟುಡಿಯೋ ಹೊಸದಾಗಿ ಮಾಡಿದೆ. ಇದರಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಧ್ವನಿಗಳು. 35 ವರ್ಷದ ಹಿಂದೆ ರಾನ್ಮಾಗೆ ಧ್ವನಿ ಕೊಟ್ಟ ಕಾಪ್ಪೆಯ್ ಯಮಾಗುಚಿ ಮತ್ತು ಮೆಗುಮಿ ಹಯಾಶಿಬಾರಾ, ಅವನಿಗೆ ಮದುವೆಗೆ ಗೊತ್ತು ಮಾಡಿದ ಹುಡುಗಿ ಅಕಾನೆಗೆ ಧ್ವನಿ ಕೊಟ್ಟ ನೊರಿಕೊ ಹಿದಾಕಾ ಮತ್ತೆ ಬಂದರು. ಹದಿನಾರರ ಹುಡುಗ ಹುಡುಗಿಯರಾಗಿ ಐವತ್ತು ದಾಟಿದವರು ಮಾತಾಡಿದರು. ಕೇಳಿದರೆ ಒಂದು ಕ್ಷಣವೂ ಅನುಮಾನ ಬರುವುದಿಲ್ಲ.

ಇದೇ ಲೇಖಕಿಯ ‘ಉರುಸೇಯ್ ಯತ್ಸುರಾ’ 2022ರಲ್ಲಿ ಮರಳಿ ಬಂದಾಗ ಮುಖ್ಯ ಪಾತ್ರಗಳಿಗೆ ಹೊಸ ಧ್ವನಿಗಳನ್ನು ಹಾಕಿದ್ದರು. ಎರಡೂ ದಾರಿ ಸರಿಯೇ. ಆದರೆ ‘ರಾನ್ಮಾ’ದಲ್ಲಿ ಹಳೆಯ ಧ್ವನಿ ತಂದದ್ದರಿಂದ ಒಂದು ಮಾತು ಸ್ಪಷ್ಟವಾಯಿತು: ಇದು ಹಳೆಯ ಅಭಿಮಾನಿಗಳಿಗಾಗಿ ಮಾಡಿದ ಮರುನಿರ್ಮಾಣ. ಚೆನ್ನಾಗಿದೆ, ಅಚ್ಚುಕಟ್ಟಾಗಿದೆ, ಎಲ್ಲೂ ಮೈಮರೆಯುವುದಿಲ್ಲ. ತಮಾಷೆಯ ಹೊತ್ತು ತಪ್ಪುವುದಿಲ್ಲ. 38 ಪುಸ್ತಕದ ಕಥೆಯಿಂದ 12 ಎಪಿಸೋಡ್ ಅಂದರೆ ಪಾತ್ರಗಳ ಪರಿಚಯ ಆಗುವಷ್ಟರಲ್ಲೇ ಸೀಸನ್ ಮುಗಿಯಿತು. ಆದರೆ ಇಂಥ ಕಥೆಗೆ ಅದರಿಂದ ನಷ್ಟವಿಲ್ಲ. ಒಂದೊಂದು ಜಗಳ ಅಲ್ಲಲ್ಲಿಗೇ ಮುಗಿಯುತ್ತದೆ. ಎಲ್ಲಿ ನಿಲ್ಲಿಸಿದರೂ ನಡೆಯುತ್ತದೆ. ಎರಡನೇ ಸೀಸನ್ 2025ರ ಅಕ್ಟೋಬರ್‌ನಲ್ಲಿ ಬಂತು.

‘ಡ್ರ್ಯಾಗನ್ ಬಾಲ್ ದೈಮಾ’ವನ್ನು ಬೇಗ ದಾಟಿಬಿಡಬಹುದು. ‘ಡ್ರ್ಯಾಗನ್ ಬಾಲ್’ ಹುಟ್ಟುಹಾಕಿದ ಅಕಿರಾ ತೋರಿಯಾಮಾ 2024ರ ಮಾರ್ಚ್ 1ರಂದು ತೀರಿಕೊಂಡರು. ಅದರ ಕಥೆ, ಪಾತ್ರಗಳ ರೂಪ ಅವರ ಕೈಯಿಂದಲೇ ಬಂದದ್ದು. ಅವರು ಹೋದ ಮೇಲೆ ಅಕ್ಟೋಬರ್‌ನಲ್ಲಿ ಅದು ಪ್ರಸಾರವಾಯಿತು ಅನ್ನುವ ಕಾರಣಕ್ಕೆ ಅದನ್ನು ನೋಡುವಾಗ ಮನಸ್ಸು ಭಾರವಾಗುತ್ತದೆ. ಕಥಾನಾಯಕ ಗೊಕು ಮತ್ತು ಗೆಳೆಯರು ಮತ್ತೆ ಮಕ್ಕಳಾಗಿ ಅಲೆಯುವ 20 ಎಪಿಸೋಡ್. ಹಗುರ, ಬಣ್ಣಬಣ್ಣ. ಅಭಿಮಾನಿಗಳಿಗೆ ಸಾಕು.

‘ಉಜುಮಾಕಿ’ ಮಾತ್ರ ಆ ಸೀಸನ್‌ನ ಗಾಯ. ಜುಂಜಿ ಇತೊ ಅವರ ಈ ಭಯದ ಮಾಂಗಾ 1998–99ರದ್ದು. ಒಂದು ಊರಿಗೆ ಸುರುಳಿಯ ಶಾಪ. ಹೊಗೆ, ಕೂದಲು, ಶಂಖದ ಹುಳು, ಕೊನೆಗೆ ಮನುಷ್ಯರ ಮೈ ಎಲ್ಲವೂ ಸುರುಳಿಯಾಗುತ್ತದೆ. ಇದನ್ನು ಅನಿಮೆ ಮಾಡುತ್ತೇವೆ ಅಂತ ಅಮೆರಿಕದ ಟಿವಿ ವಾಹಿನಿ ಅಡಲ್ಟ್ ಸ್ವಿಮ್ 2019ರಲ್ಲೇ ಹೇಳಿತ್ತು. ನಾಲ್ಕೇ ಎಪಿಸೋಡ್, ಪೂರ್ತಿ ಕಪ್ಪುಬಿಳುಪು. ನಿರ್ದೇಶಕ ‘ಮುಶಿಶಿ’ ಮಾಡಿದ ಹಿರೋಶಿ ನಾಗಹಾಮಾ. 2020ಕ್ಕೆ ಬರಬೇಕಿದ್ದದ್ದು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು, ಕೊನೆಗೆ 2024ರ ಸೆಪ್ಟೆಂಬರ್ ಕೊನೆಯಲ್ಲಿ ಬಂತು.

ಮೊದಲ ಎಪಿಸೋಡ್ ನೋಡಿ ಎಲ್ಲರೂ ಬೆರಗಾದರು. ಇತೊ ಅವರ ಪುಟಗಳೇ ಉಸಿರಾಡಿದ ಹಾಗಿತ್ತು. ಎರಡನೇ ಎಪಿಸೋಡ್ ಬಂತು. ನಿರ್ದೇಶಕರ ಹೆಸರು ಬೇರೆ. ಚಲನೆ ಒರಟು, ಮುಖಗಳು ಸಪ್ಪೆ, ಹೆದರಬೇಕಾದಲ್ಲಿ ನಗು ಬರುವ ಸ್ಥಿತಿ. ಯೋಜನೆ ನೋಡಿಕೊಳ್ಳುತ್ತಿದ್ದ ಜೇಸನ್ ಡಿಮಾರ್ಕೊ ಬಹಿರಂಗವಾಗಿಯೇ ಹೇಳಿಕೊಂಡರು: ನಡುವೆ ಏನೋ ಕೆಟ್ಟಿತು, ಮುಂದಿದ್ದ ದಾರಿಗಳು ಪೂರ್ತಿ ಕೈಬಿಡುವುದು, ಒಂದೇ ಎಪಿಸೋಡ್ ತೋರಿಸಿ ನಿಲ್ಲಿಸುವುದು, ಇಲ್ಲವೇ ಏರುಪೇರು ಇದ್ದರೂ ನಾಲ್ಕನ್ನೂ ತೋರಿಸುವುದು. ಮೂರನೆಯದನ್ನು ಆರಿಸಿಕೊಂಡರು.

ಇಲ್ಲಿ ನನ್ನ ವಾದಕ್ಕೆ ಒಂದು ಅಡ್ಡಿ ಇದೆ. ‘ಉಜುಮಾಕಿ’ಯ ಕಥೆ ಮುಗಿದಿತ್ತಲ್ಲ? ಮಾಂಗಾ ಮುಗಿದು ಕಾಲು ಶತಮಾನ ಆಗಿತ್ತು. ಅನಿಮೆಯೂ ನಾಲ್ಕನೇ ಎಪಿಸೋಡ್‌ಗೆ ಕೊನೆ ಮುಟ್ಟಿತು. ಆದರೂ ಸೋತಿತು. ನಿಜ. ಆದರೆ ಅದು ಕೊನೆ ಮುಟ್ಟಿದ ರೀತಿ ನೋಡಿ. ಬಿಡಿ ಬಿಡಿ ಕಥೆಗಳಾಗಿ, ನಿಧಾನವಾಗಿ ತಲೆಗೆ ಏರಬೇಕಾದ ಭಯವನ್ನು ನಾಲ್ಕು ಎಪಿಸೋಡ್‌ಗೆ ಒತ್ತಿ ತುರುಕಿದರು. ಒಂದೇ ಎಪಿಸೋಡ್‌ನಲ್ಲಿ ಎರಡು ಮೂರು ಕಥೆಗಳು ಒಂದರ ಮೇಲೊಂದು ಓಡುತ್ತವೆ. ಮೊದಲ ಎಪಿಸೋಡ್‌ನಲ್ಲಿ ಚಿತ್ರದ ಸೊಗಸು ಈ ಅವಸರವನ್ನು ಮುಚ್ಚಿತ್ತು. ಸೊಗಸು ಹೋದ ಮೇಲೆ ಅವಸರ ಮಾತ್ರ ಉಳಿಯಿತು. ಕಥೆಗೆ ಕೊನೆ ಇದ್ದರೆ ಸಾಲದು, ಅಲ್ಲಿಗೆ ತಲುಪುವಷ್ಟು ಜಾಗ ಬೇಕು.

ಜಾಗ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ‘ಬ್ಲೂ ಬಾಕ್ಸ್’ ಒಂದು ಸಣ್ಣ ಉದಾಹರಣೆ. ಕೌಜಿ ಮಿಯುರಾ ಅವರ ಮಾಂಗಾ. ಬ್ಯಾಡ್ಮಿಂಟನ್ ಆಡುವ ಹುಡುಗ, ಅವನಿಗಿಂತ ಒಂದು ವರ್ಷ ದೊಡ್ಡ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ಮನೆಯವರ ಪರಿಚಯದಿಂದ ಅವಳು ಅವನ ಮನೆಯಲ್ಲೇ ಇರಲು ಬರುತ್ತಾಳೆ. ಕೇಳಿದರೆ ನೂರು ಸಲ ನೋಡಿದ ಕಥೆ ಅನಿಸುತ್ತದೆ. ಆದರೆ ಎರಡು ಸೀಸನ್ ಒಟ್ಟಿಗೆ, 25 ಎಪಿಸೋಡ್ ಸಿಕ್ಕಿದ್ದರಿಂದ ಯಾವುದಕ್ಕೂ ಆತುರವಿಲ್ಲ. ಬೆಳಗ್ಗೆ ಬೇಗ ಬಂದು ಖಾಲಿ ಕ್ರೀಡಾಂಗಣದಲ್ಲಿ ಇಬ್ಬರೂ ತಮ್ಮ ತಮ್ಮ ಪಾಡಿಗೆ ಅಭ್ಯಾಸ ಮಾಡುವ ದೃಶ್ಯಗಳೇ ಪ್ರೇಮಕಥೆಯ ಅರ್ಧ ಕೆಲಸ ಮಾಡುತ್ತವೆ. ಸೋಲು ಬಂದರೆ ಸೋಲಿನ ಮರುದಿನವೂ ತೋರಿಸುತ್ತಾರೆ. ಮಾಂಗಾ ಇನ್ನೂ ನಡೆಯುತ್ತಿದ್ದ ಕಾಲ, ಹಾಗಾಗಿ ಕಥೆ ಪೂರ್ತಿ ಆಗಲಿಲ್ಲ. ಆದರೂ ನಡುವೆ ಬಿಟ್ಟು ಓಡಿಹೋದ ಹಾಗೆ ಅನಿಸುವುದಿಲ್ಲ.

ಈಗ ‘ಆರ್ಬ್’.

ಇದರ ಮಾಂಗಾ ಬರೆದವರು ಉಒತೊ ಅನ್ನುವ ಹೆಸರಿನವರು, ಹುಟ್ಟಿದ್ದು 1997ರಲ್ಲಿ. ಬಿಗ್ ಕಾಮಿಕ್ ಸ್ಪಿರಿಟ್ಸ್ ವಾರಪತ್ರಿಕೆಯಲ್ಲಿ 2020ರಿಂದ 2022ರವರೆಗೆ ಬಂತು. ಒಟ್ಟು ಎಂಟೇ ಪುಸ್ತಕ. 2022ರಲ್ಲಿ ತೆಜುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿಯ ಮೊದಲ ಬಹುಮಾನ ಸಿಕ್ಕಿತು. ಅನಿಮೆ ಮಾಡಿದ್ದು ಮ್ಯಾಡ್‌ಹೌಸ್, ನಿರ್ದೇಶನ ಕೆನಿಚಿ ಶಿಮಿಜು. 2024ರ ಅಕ್ಟೋಬರ್ 5ರಿಂದ 2025ರ ಮಾರ್ಚ್ 15ರವರೆಗೆ, 25 ಎಪಿಸೋಡ್. ಪ್ರಸಾರ ಮಾಡಿದ್ದು ಎನ್‌ಎಚ್‌ಕೆ, ಜನರ ಶುಲ್ಕದಿಂದ ನಡೆಯುವ, ಜಾಹೀರಾತಿಲ್ಲದ ಸಾರ್ವಜನಿಕ ಚಾನೆಲ್.

ಎಂಟು ಪುಸ್ತಕ, 25 ಎಪಿಸೋಡ್. ಪುಸ್ತಕಕ್ಕೆ ಮೂರು ಎಪಿಸೋಡ್‌ನ ಲೆಕ್ಕ. ಈ ಅಳತೆಯಲ್ಲೇ ಅರ್ಧ ಗೆಲುವು ಇದೆ.

ಕಥೆಯ ಗುಟ್ಟು ಒಂದನ್ನು ಬಿಟ್ಟುಕೊಡದೆ ಇದರ ಬಗ್ಗೆ ಮಾತಾಡುವುದು ಕಷ್ಟ. ನೋಡಬೇಕು ಅಂತ ಇದ್ದವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.

ಶುರುವಿನಲ್ಲಿ ರಫಾಲ್ ಅನ್ನುವ 12 ವರ್ಷದ ಹುಡುಗ. ಮಹಾ ಜಾಣ. ದೊಡ್ಡವರಿಗೆ ಏನು ಬೇಕೋ ಅದನ್ನೇ ಹೇಳಿ ಬದುಕುವುದು ಗೊತ್ತು. ದೇವರ ಶಾಸ್ತ್ರ ಓದಿ ಮೇಲೆ ಬರುವ ಲೆಕ್ಕಾಚಾರ. ಅವನ ಮನೆಗೆ ಹ್ಯೂಬರ್ಟ್ ಅನ್ನುವ ಕೈದಿ ಬರುತ್ತಾನೆ. ಧರ್ಮವಿರೋಧಿ ಅಂತ ಶಿಕ್ಷೆ ಅನುಭವಿಸಿ ಬಂದವನು. ಅವನಿಂದ ಹುಡುಗನಿಗೆ ಆಕಾಶದ ಲೆಕ್ಕ ತಪ್ಪಾಗಿದೆ, ಭೂಮಿ ತಿರುಗುತ್ತಿದೆ ಅಂದುಕೊಂಡರೆ ಎಲ್ಲ ಸರಿಹೋಗುತ್ತದೆ ಅನ್ನುವ ವಿಚಾರ ಅಂಟುತ್ತದೆ. ಸುಳ್ಳು ಹೇಳಿ ಪಾರಾಗುವುದು ಅವನಿಗೆ ಚೆನ್ನಾಗಿ ಗೊತ್ತು. ವಿಚಾರಣೆಯಲ್ಲಿ ಒಂದು ಸುಳ್ಳು ಸಾಕಿತ್ತು. ಹೇಳುವುದಿಲ್ಲ. ಮೂರನೇ ಎಪಿಸೋಡ್‌ನ ಕೊನೆಗೆ ಅವನು ಇರುವುದಿಲ್ಲ. ನಾವು ಯಾರನ್ನು ಕಥಾನಾಯಕ ಅಂದುಕೊಂಡಿದ್ದೆವೋ ಅವನೇ ಹೋದ.

ಕಥೆ ಹತ್ತು ವರ್ಷ ಮುಂದೆ ಹಾರುತ್ತದೆ. ಈಗ ಹೊಸಬರು: ಆಕಾಶ ನೋಡಲು ಹೆದರುವ ಒಕ್ಸಿ, ಒಂದು ಕಣ್ಣು ಕಳೆದುಕೊಂಡ ಜಂಬದ ಸನ್ಯಾಸಿ ಬದೇನಿ, ಹೆಣ್ಣು ಅನ್ನುವ ಕಾರಣಕ್ಕೆ ತನ್ನ ಬರಹಕ್ಕೆ ತನ್ನ ಹೆಸರು ಹಾಕಲಾಗದ ಯೊಲೆಂಟಾ. ಅವರಿಗೆ ರಫಾಲ್ ಯಾರು ಅಂತಲೇ ಗೊತ್ತಿಲ್ಲ. ಬಚ್ಚಿಟ್ಟ ಒಂದು ಪೆಟ್ಟಿಗೆ ಮಾತ್ರ ಕೈಗೆ ಸಿಗುತ್ತದೆ. ಆಮೇಲೆ ಮತ್ತೆ 25 ವರ್ಷ ಮುಂದೆ. ಮತ್ತೆ ಹೊಸಬರು. ಈಗ ಪುಸ್ತಕ ಅಚ್ಚು ಹಾಕುವ ಯಂತ್ರ ಬಂದಿದೆ. ಎಲ್ಲ ಕಾಲಕ್ಕೂ ಉಳಿಯುವ ಪಾತ್ರ ಹೆಚ್ಚುಕಮ್ಮಿ ಒಂದೇ: ಇವರನ್ನೆಲ್ಲ ಹಿಡಿದು ಹಿಂಸೆ ಕೊಡುವ ನೋವಾಕ್.

ಇಂಥ ಕಥೆಗೆ ಒಂದು ತೊಂದರೆ ಇದೆ. ನೋಡುಗರು ಪಾತ್ರಗಳ ಜೊತೆ ನಡೆಯುತ್ತಾರೆ, ವಿಚಾರಗಳ ಜೊತೆ ಅಲ್ಲ. ಮೂರು ಸಲ ಪಾತ್ರಗಳನ್ನು ಕಿತ್ತುಕೊಂಡರೆ ಜನ ಎದ್ದು ಹೋಗಬಹುದು. 12 ಎಪಿಸೋಡ್ ಮಾತ್ರ ಸಿಕ್ಕಿದ್ದರೆ ಈ ಕಥೆ ಎರಡನೇ ತಲೆಮಾರಿನ ನಡುವೆಯೇ ನಿಂತುಹೋಗುತ್ತಿತ್ತು. ಆಗ ಒಂದಷ್ಟು ಒಳ್ಳೆಯವರನ್ನು ಸುಮ್ನೆ ಕೊಂದ ಸರಣಿಯಾಗಿ ಮಾತ್ರ ಉಳಿಯುತ್ತಿತ್ತು. ಒಬ್ಬರ ಸಾವಿನ ಬೆಲೆ ಗೊತ್ತಾಗುವುದು ಅವರು ಬಿಟ್ಟುಹೋದದ್ದು ಇನ್ನೊಬ್ಬರ ಕೈ ಸೇರಿದಾಗ. ಆ ಕೈಯಿಂದ ಮತ್ತೊಂದು ಕೈಗೆ ಹೋಗುವವರೆಗೆ ತೋರಿಸಲೇಬೇಕು. ಬೇರೆ ಸರಣಿಗಳಿಗೆ ಕೊನೆ ಅನ್ನುವುದು ಇದ್ದರೆ ಒಳ್ಳೆಯದು. ಇದಕ್ಕೆ ಕೊನೆ ಇಲ್ಲದಿದ್ದರೆ ಕಥೆಯೇ ಇಲ್ಲ. ಮೂಲ ಮಾಂಗಾ ಮೊದಲೇ ಮುಗಿದಿದ್ದರಿಂದ, ಅದೂ ಎಂಟೇ ಪುಸ್ತಕದಲ್ಲಿ ಮುಗಿದಿದ್ದರಿಂದ ಇದು ಸಾಧ್ಯವಾಯಿತು.

ಇತಿಹಾಸ ಬಲ್ಲವರು ಇದನ್ನು ನೋಡುವಾಗ ಹುಬ್ಬು ಗಂಟಿಕ್ಕುವುದು ಸಹಜ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅಂದ ಕೋಪರ್ನಿಕಸ್‌ನ ಪುಸ್ತಕ ಅಚ್ಚಾದದ್ದು 1543ರಲ್ಲಿ. ಕ್ಯಾಥೊಲಿಕ್ ಚರ್ಚ್ ಅದರ ಮೇಲೆ ತಡೆ ಹಾಕಿದ್ದು 1616ರಲ್ಲಿ. ಗೆಲಿಲಿಯೋ ವಿಚಾರಣೆ 1633ರಲ್ಲಿ. 1600ರಲ್ಲಿ ಚಿಂತಕ ಬ್ರೂನೊನನ್ನು ಸುಟ್ಟದ್ದಕ್ಕೂ ಆರೋಪಗಳು ಹಲವು ಇದ್ದವು. ಹದಿನೈದನೇ ಶತಮಾನದಲ್ಲಿ ಭೂಮಿ ತಿರುಗುತ್ತದೆ ಅಂದವರನ್ನು ಹುಡುಕಿ ಹುಡುಕಿ ಸುಟ್ಟರು ಅನ್ನುವುದಕ್ಕೆ ಇತಿಹಾಸದ ಆಧಾರವಿಲ್ಲ. ಇನ್ನೊಂದು ಕಡೆ, ಒಕ್ಸಿಯ ಕಣ್ಣು ಎಷ್ಟು ಚುರುಕು ಅಂದರೆ ಶುಕ್ರ ಪೂರ್ತಿ ದುಂಡಗೆ ಬೆಳಗುವುದು ಅವನಿಗೆ ಬರಿಗಣ್ಣಿಗೆ ಕಾಣುತ್ತದೆ. ಭೂಮಿಯೇ ನಡುವೆ ಇದೆ ಅನ್ನುವ ಹಳೆಯ ಲೆಕ್ಕದಲ್ಲಿ ಶುಕ್ರ ಹಾಗೆ ಕಾಣಲು ಸಾಧ್ಯವೇ ಇಲ್ಲ. ನಿಜವಾಗಿ ಇದನ್ನು ಕಂಡುಹಿಡಿಯಲು ಗೆಲಿಲಿಯೋಗೆ 1610ರಲ್ಲಿ ದೂರದರ್ಶಕವೇ ಬೇಕಾಯಿತು.

ಸರಣಿ ಇದನ್ನೆಲ್ಲ ಗೊತ್ತಿದ್ದೇ ಮಾಡಿದೆ. ದೇಶದ ಹೆಸರನ್ನು ಬರೀ ‘ಪಿ ರಾಜ್ಯ’ ಅಂತ ಇಟ್ಟು ಶುರು ಮಾಡುತ್ತದೆ. ಕೊನೆಯ ಹೊತ್ತಿಗೆ, ಇಷ್ಟೆಲ್ಲ ಹಿಂಸೆ ಯಾರ ಅಪ್ಪಣೆಯಿಂದ ನಡೆಯಿತು, ನಿಜಕ್ಕೂ ಇಡೀ ಧರ್ಮವೇ ಇದನ್ನು ಕೇಳಿತ್ತಾ ಅನ್ನುವ ಪ್ರಶ್ನೆಯನ್ನು ಕಥೆಯ ಒಳಗೇ ಎತ್ತಿ ನೋವಾಕ್‌ನ ಮುಖಕ್ಕೆ ಹಿಡಿಯುತ್ತದೆ. ನಮ್ಮ ಹುಬ್ಬು ಗಂಟಿಕ್ಕಿದ್ದಕ್ಕೆ ಅಲ್ಲಿ ಉತ್ತರ ಸಿಗುತ್ತದೆ. ಕೊನೆಯ ಭಾಗದಲ್ಲಿ ಬರುವ ಆಲ್ಬರ್ಟ್ ಬ್ರುಡ್ಜೆವ್‌ಸ್ಕಿ ಇತಿಹಾಸದಲ್ಲಿ ನಿಜವಾಗಿ ಬದುಕಿದ್ದವರು, ಕ್ರಾಕೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಕಟ್ಟುಕಥೆ ಅಲ್ಲಿ ನಿಜವಾದ ಇತಿಹಾಸವನ್ನು ಮುಟ್ಟುತ್ತದೆ. ಆದರೆ ನೇರವಾಗಿ ಮುಟ್ಟುವುದಿಲ್ಲ, ಆ ನಡುವಿನ ಸಂದಿಯನ್ನು ಹಾಗೇ ಬಿಡುತ್ತದೆ. 25 ಎಪಿಸೋಡ್ ನೋಡಿದವರು ಜಗಳ ಆಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ ಪಾತ್ರ ಮಾತ್ರ ಮುದುಕ ಪಿಯಾಸ್ಟ್. ಜೀವನಪೂರ್ತಿ ಹಳೆಯ ಲೆಕ್ಕವನ್ನೇ ಪೂರ್ಣಗೊಳಿಸಲು ದುಡಿದವನು. ಭೂಮಿ ನಡುವೆಯೇ ಇದೆ ಅಂತ ನಂಬಿದವನು. ಅವನನ್ನು ಮೂರ್ಖನಾಗಿ ತೋರಿಸುವುದು ಸುಲಭವಿತ್ತು. ಸರಣಿ ಅವನಿಗೂ ಅಷ್ಟೇ ಗೌರವ ಕೊಡುತ್ತದೆ. ಶುಕ್ರದ ವಿಷಯ ಗೊತ್ತಾದಾಗ ತನ್ನ ಇಡೀ ಬದುಕಿನ ಕೆಲಸ ತಪ್ಪು ಅಂತ ಒಪ್ಪಿಕೊಳ್ಳುವುದು ಅವನೇ. ಒಂದು ವಿಚಾರವನ್ನು ಹಿಡಿಯುವುದಕ್ಕಿಂತ ಬಿಡುವುದು ಕಷ್ಟ ಅಂತ ಆ ದೃಶ್ಯ ಭಾಷಣವಿಲ್ಲದೆ ತೋರಿಸುತ್ತದೆ.

ಕೊರತೆ ಇಲ್ಲವೇ? ಇದೆ. ಚಿತ್ರ ಬಹಳ ಕತ್ತಲೆ. ರಾತ್ರಿಯ ದೃಶ್ಯಗಳು ಮೊಬೈಲಿನಲ್ಲಿ ಕಾಣುವುದೇ ಇಲ್ಲ. ಚಲನೆ ಸಾಧಾರಣ. ಕೆಲವು ಎಪಿಸೋಡ್‌ಗಳು ಇಬ್ಬರು ಕೂತು ವಾದ ಮಾಡುವುದರಲ್ಲೇ ಮುಗಿಯುತ್ತವೆ. ‘ದಂದದನ್’ ಪಕ್ಕದಲ್ಲಿಟ್ಟರೆ ಬಡವರ ಮನೆಯ ಹಾಗೆ ಕಾಣುತ್ತದೆ. ಒಂದು ತಮಾಷೆ ಅಂದರೆ ಎರಡಕ್ಕೂ ಸಂಗೀತ ಕೊಟ್ಟವರು ಒಬ್ಬರೇ, ಕೆನ್ಸುಕೆ ಉಶಿಯೊ. ಒಂದರಲ್ಲಿ ಕುಣಿಸುತ್ತಾರೆ, ಇನ್ನೊಂದರಲ್ಲಿ ಹಿನ್ನೆಲೆಗೆ ಸರಿದು ಮಾತಿಗೆ ದಾರಿ ಬಿಡುತ್ತಾರೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಒಬ್ಬರದ್ದೇ ಅಂತ ನಂಬಲು ಹೊತ್ತು ಬೇಕು.

ಮೇಲೆ ಹೇಳಿದ ಸರಣಿಗಳಲ್ಲಿ ‘ಉಜುಮಾಕಿ’ ಬಿಟ್ಟು ಉಳಿದವನ್ನು ನೆಟ್‌ಫ್ಲಿಕ್ಸ್ ವಾರವಾರವೂ ಹಾಕಿತು. ಕೆಲವು ವರ್ಷದ ಹಿಂದೆ ಹೀಗಿರಲಿಲ್ಲ. ಜಪಾನಿನಲ್ಲಿ ಪೂರ್ತಿ ಪ್ರಸಾರವಾದ ಮೇಲೆ ತಿಂಗಳುಗಟ್ಟಲೆ ಕಾಯಿಸಿ, ಒಟ್ಟಿಗೆ ಸುರಿಯುತ್ತಿತ್ತು. ಅಷ್ಟರಲ್ಲಿ ಆ ಸರಣಿಯ ಬಗ್ಗೆ ಮಾತಾಡುವವರೇ ಇರುತ್ತಿರಲಿಲ್ಲ. ‘ಆರ್ಬ್’ನಂಥ ನಿಧಾನದ ಸರಣಿಗೆ ವಾರವಾರದ ಪ್ರಸಾರ ವರವಾಯಿತು. ಮೂರನೇ ಎಪಿಸೋಡ್ ಆದ ಮೇಲೆ ಒಂದು ವಾರ ಜನ ಅದನ್ನೇ ಮಾತಾಡಿದರು. ಒಟ್ಟಿಗೆ ಸುರಿದಿದ್ದರೆ ಅದೇ ರಾತ್ರಿ ನಾಲ್ಕನೆಯದು ನೋಡಿ ರಫಾಲ್‌ನನ್ನು ಮರೆತುಬಿಡುತ್ತಿದ್ದರು.

ಕನ್ನಡದವರು ಇವನ್ನು ನೋಡುವುದು ಜಪಾನಿ ಧ್ವನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು, ಇಲ್ಲವೇ ಹಿಂದಿ ಡಬ್ಬಿಂಗ್‌ನಲ್ಲಿ. ಭಾರತದಲ್ಲಿ ಅನಿಮೆ ತೋರಿಸುವ ದೊಡ್ಡ ಕಂಪನಿ ಕ್ರಂಚಿರೋಲ್ ಹಿಂದಿಯ ಜೊತೆಗೆ ತಮಿಳು, ತೆಲುಗಿನಲ್ಲೂ ಡಬ್ ಮಾಡಿಸುತ್ತದೆ. ಕನ್ನಡಕ್ಕೆ ಆ ಭಾಗ್ಯ ಬಂದಿಲ್ಲ. ಕನ್ನಡ ಚಿತ್ರರಂಗದಲ್ಲಿ ಡಬ್ಬಿಂಗ್ ಬೇಡ ಅನ್ನುವ ಅಘೋಷಿತ ನಿಷೇಧ ದಶಕಗಳ ಕಾಲ ನಡೆಯಿತು. ಅದರ ವಿರುದ್ಧ, ಮಾರುಕಟ್ಟೆಯ ಪೈಪೋಟಿ ಕಾಯುವ ಭಾರತದ ಸ್ಪರ್ಧಾ ಆಯೋಗದ ಆದೇಶ ಬಂದದ್ದು 2015ರಲ್ಲಿ. ಇದೊಂದೇ ಕಾರಣ ಅಂತ ಹೇಳಲಾರೆ, ಮಾರುಕಟ್ಟೆಯ ಲೆಕ್ಕವೂ ಇರುತ್ತದೆ. ಆದರೆ ‘ಆರ್ಬ್’ನಂಥ ಮಾತಿನ ಸರಣಿಗೆ ಇದರ ಪೆಟ್ಟು ಜಾಸ್ತಿ. ‘ದಂದದನ್’ನ ಓಟ ಹೊಡೆದಾಟವನ್ನು ಯಾವ ಭಾಷೆಯಲ್ಲಾದರೂ ನೋಡಬಹುದು. ನಂಬಿಕೆ, ಸಾಕ್ಷಿ, ಅನುಮಾನಗಳ ಬಗ್ಗೆ ಇಪ್ಪತ್ತು ನಿಮಿಷದ ವಾದವನ್ನು ಎರಡನೆಯದೋ ಮೂರನೆಯದೋ ಭಾಷೆಯಲ್ಲಿ ಓದುತ್ತಾ ಚಿತ್ರವನ್ನೂ ನೋಡುವುದು ಬೇರೆಯೇ ಕೆಲಸ. ಹೈಸ್ಕೂಲು ಮಕ್ಕಳಿಗಂತೂ ಕೈಗೆಟುಕುವುದಿಲ್ಲ. ಈ ಕಥೆಯನ್ನು ಕನ್ನಡದಲ್ಲಿ ಕೇಳಿದರೆ ನಮ್ಮ ವಿಜ್ಞಾನದ ಮೇಷ್ಟ್ರುಗಳು ತರಗತಿಯಲ್ಲಿ ಅದರ ಬಗ್ಗೆ ಮಾತಾಡುತ್ತಿದ್ದರು ಅನ್ನುವುದು ನನ್ನ ಊಹೆ.

ಈಗ ನೋಡಲು ಕೂರುವವರಿಗೆ ಒಂದೆರಡು ಮಾತು. ನಗಬೇಕು, ಬೇಜಾರು ಕಳೆಯಬೇಕು ಅಂದರೆ ‘ರಾನ್ಮಾ’ ಸಾಕು. ‘ದಂದದನ್’ನ ಎರಡನೇ ಸೀಸನ್ ಈಗ ಬಂದಾಗಿದೆ, ಹಾಗಾಗಿ ಮೊದಲ ಸೀಸನ್‌ನ ಕೊನೆಯ ದೃಶ್ಯ ಈಗ ಅಷ್ಟು ಸಿಟ್ಟು ತರಿಸುವುದಿಲ್ಲ. ಎರಡನ್ನೂ ಸೇರಿಸಿ ನೋಡುವುದೇ ಒಳ್ಳೆಯದು. ‘ಉಜುಮಾಕಿ’ಯ ಮೊದಲ ಎಪಿಸೋಡ್ ನೋಡಿ, ಆಮೇಲೆ ಮಾಂಗಾ ಓದಿ. ‘ಆರ್ಬ್’ ನೋಡುವುದಾದರೆ ಮೊದಲ ಮೂರು ಎಪಿಸೋಡ್‌ಗಳನ್ನು ಒಂದೇ ಸಲಕ್ಕೆ ನೋಡಿ, ಲೈಟು ಆರಿಸಿ, ಆದಷ್ಟು ದೊಡ್ಡ ಪರದೆಯಲ್ಲಿ. ಹಿಂಸೆ ಕೊಡುವ ದೃಶ್ಯಗಳು ಮೊದಲ ಎಪಿಸೋಡ್‌ನ ಮೊದಲ ನಿಮಿಷಗಳಲ್ಲೇ ಇವೆ, ಉಗುರು ಕೀಳುವುದೂ ಸೇರಿ. ಚಿಕ್ಕ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ.